ಜೆಂಟ್ಸ್ ಸೆಲೂನಿಗೆ ಟೀಚರ್ ಬಂದರು

ನಾನು ಹೆಂಗಸರ ವಿರೋಧಿ ಅಲ್ಲ. ಹೀಗೆ ಮೊದಲ ವಾಕ್ಯದಲ್ಲೇ ಹೇಳಿಕೊಳ್ಳುವ ಗಂಡಸರ ಬಗ್ಗೆ ಸ್ವಲ್ಪ ಜಾಗ್ರತೆಯಾಗಿರಬೇಕು ಎಂದು ನನ್ನ ಮಗಳು ಶ್ರಾವ್ಯ ಹೇಳುತ್ತಾಳೆ. ಅವಳು ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುವವಳು, ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಗಾಗಿ ನಮ್ಮ ಮನೆಯ ಚರ್ಚೆಗಳಲ್ಲಿ ಸೋಲುವವರು ಯಾರೆಂದು ಚಹಾ ಲೋಟ ಕೈಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಆದರೂ ನಾನು ಚರ್ಚೆಗೆ ಇಳಿಯದೆ ಇರುವುದಿಲ್ಲ. ಏಕೆಂದರೆ ಮೂವತ್ತೊಂದು ವರ್ಷಗಳಿಂದ ವಕೀಲರು, ಡಾಕ್ಟರುಗಳು, ಪೊಲೀಸ್ ಇನ್ಸ್‌ಪೆಕ್ಟರುಗಳು ಎಲ್ಲರೂ ನಾನು ತಲೆ ಬಗ್ಗಿಸಿ ಎಂದರೆ ಬಗ್ಗಿಸಿದ್ದಾರೆ, ಎತ್ತಿ ಎಂದರೆ ಎತ್ತಿದ್ದಾರೆ. ಅಂಥವನು ಮನೆಯಲ್ಲಿ ಇಪ್ಪತ್ತು ವರ್ಷದ ಹುಡುಗಿಗೆ ಹೆದರಿ ಬಾಯಿ ಮುಚ್ಚಿ ಕೂತರೆ ಕಸುಬಿಗೆ ಅವಮಾನ.

ನನ್ನದು ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿರುವ ಸೆಲೂನು. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ, ಎರಡು ಕುರ್ಚಿ, ಮೂರು ಗೋಡೆಗೂ ಕನ್ನಡಿ. ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಭಾವ ದುಬೈಗೆ ಹೋದ ಮೇಲೆ ಅದರಲ್ಲಿ ಪೇಪರ್ ಓದುವವರು ಕೂರುತ್ತಾರೆ. ಬೋರ್ಡಿನಲ್ಲಿದ್ದ ಅಂಗಡಿಯ ಹೆಸರು ಬಿಸಿಲಿಗೆ ಮಾಸಿ ‘ಜೆಂಟ್ಸ್’ ಎಂಬ ಒಂದು ಪದ ಮಾತ್ರ ಉಳಿದಿದೆ. ಅದೊಂದನ್ನು ಪೇಂಟರ್ ಕೆಂಪು ಬಣ್ಣದಲ್ಲಿ ಬರೆದಿದ್ದ, ಗಟ್ಟಿ ಬಣ್ಣ. ಹದಿನೈದನೇ ವಯಸ್ಸಿಗೆ ಮಾವನ ಅಂಗಡಿಯಲ್ಲಿ ಕೂದಲು ಗುಡಿಸಲು ಶುರು ಮಾಡಿದವನು ಸ್ವಂತ ಅಂಗಡಿ ಮಾಡಿ, ಸ್ವಂತ ಮನೆ ಮಾಡಿ, ಮಗಳನ್ನು ನನ್ನೊಂದಿಗೆ ವಾದ ಮಾಡುವಷ್ಟು ಓದಿಸಿದ್ದೇನೆ. ಇದನ್ನು ಜಂಬ ಎಂದರೆ ಜಂಬ. ಇನ್ನೊಂದು ಜಂಬವೂ ಇದೆ. ಮೂವತ್ತೊಂದು ವರ್ಷಗಳಲ್ಲಿ ನನ್ನ ಕತ್ತಿಯಿಂದ ಒಬ್ಬನ ಕಿವಿಗೂ ಒಂದು ಗೀರು ತಾಗಿಲ್ಲ. ಹೊಸ ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುವಾಗ ಈ ಮಾತನ್ನು ಹೇಳದಿದ್ದರೆ ನನ್ನ ಕೈ ಓಡುವುದಿಲ್ಲ.

ಈ ಅಂಗಡಿಯ ಹೊಸ್ತಿಲನ್ನು ಹೆಂಗಸರು ದಾಟುವುದಿಲ್ಲ. ಹಾಗೆಂದು ನಾನು ಎಲ್ಲಿಯೂ ಬರೆದು ಹಾಕಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಮಕ್ಕಳನ್ನು ಕರೆತರುವ ತಾಯಂದಿರು ಬಾಗಿಲವರೆಗೆ ಬಂದು “ತುಂಬಾ ಸಣ್ಣ ಮಾಡ್ಬೇಡಿ, ಶೀತ ಆಗ್ತದೆ” ಎಂದು ಮಗುವನ್ನು ಒಪ್ಪಿಸಿ, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ನನ್ನ ಹೆಂಡತಿ ಜಯಂತಿ ಕೂಡ ಊಟದ ಡಬ್ಬಿಯನ್ನು ಮೆಟ್ಟಿಲ ಮೇಲೆ ನಿಂತೇ ಕೊಟ್ಟು ಹೋಗುತ್ತಾಳೆ. ಒಮ್ಮೆ ಮಾತ್ರ ಒಬ್ಬಳು ಕಾಲೇಜು ಹುಡುಗಿ ನೇರ ಬಾಗಿಲಿಗೆ ಬಂದು, “ಅಂಕಲ್, ಬಾಯ್ ಕಟ್ ಮಾಡ್ತೀರಾ? ಪಾರ್ಲರಲ್ಲಿ ಅವರಿಗೆ ಸರಿ ಬರುವುದಿಲ್ಲ” ಎಂದು ಕೇಳಿದಳು. ನಾನು ಗಾಬರಿಯಿಂದ “ಮೆಷಿನ್ ಹಾಳಾಗಿದೆ” ಎಂದುಬಿಟ್ಟೆ. ಮೆಷಿನ್ ಆಗ ನನ್ನ ಕೈಯಲ್ಲೇ ಗುಂಯ್ ಎನ್ನುತ್ತಿತ್ತು. ಆ ಹುಡುಗಿ ನನ್ನ ಮುಖವನ್ನೂ ಮೆಷಿನನ್ನೂ ನೋಡಿ, ಏನೂ ಹೇಳದೆ ಹೋದಳು. ಅವಳು ಏನಾದರೂ ಬಯ್ದಿದ್ದರೆ ನಾನು ಇಷ್ಟು ದಿನ ಅದನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ನಮ್ಮ ಸೆಲೂನಿನಲ್ಲಿ ಮಾತು ಎಂದರೆ ಕಾಲಹರಣವಲ್ಲ, ಬಾಚಣಿಗೆ ಕತ್ತರಿಗಳ ಹಾಗೆ ಅದೂ ಒಂದು ಉಪಕರಣ. ಇದನ್ನು ಕಲಿಸಿದ್ದು ನನ್ನ ಮಾವ. ಮನುಷ್ಯ ತಾನು ಮಾತಾಡುವಾಗ ತಲೆ ಅಲ್ಲಾಡಿಸುತ್ತಾನೆ, ಯಾರೂ ಮಾತಾಡದಿದ್ದರೆ ಕತ್ತಿಯ ಸದ್ದಿಗೆ ಕಿವಿ ಕೊಟ್ಟು ಕುತ್ತಿಗೆ ಬಿಗಿ ಮಾಡುತ್ತಾನೆ. ಪಕ್ಕದಲ್ಲಿ ಇನ್ನಿಬ್ಬರು ಬೇರೆ ಯಾರದೋ ಮನೆಯ ವಿಷಯ ಮಾತಾಡುತ್ತಿದ್ದರೆ ಮಾತ್ರ ಅವನ ಮುಖ ಬೆಣ್ಣೆಯಂತೆ ಸಡಿಲವಾಗುತ್ತದೆ. ಆಗ ಗಲ್ಲದ ಕೆಳಗೆ ಕತ್ತಿ ಆಡಿಸುವುದು ಸುಲಭ. ಹಾಗಾಗಿ ಮಾತಿಗೆಂದೇ ಬಂದು ಕೂರುವವರನ್ನು ನಾನು ಎಬ್ಬಿಸುವುದಿಲ್ಲ. ಅಂಥವರು ನನಗೆ ಮೂವರಿದ್ದಾರೆ. ಒಬ್ಬರು ಸದಾಶಿವಣ್ಣ, ಕೂಳೂರು ರೂಟಿನಲ್ಲಿ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಈಗಲೂ ಕುರ್ಚಿಯಲ್ಲಿ ಕೂತರೆ ಬಲಗಾಲು ಬ್ರೇಕ್ ಹುಡುಕುತ್ತದೆ. ಇನ್ನೊಬ್ಬರು ಹಮೀದಾಕ, ಬಂದರಿನಲ್ಲಿ ಒಣಮೆಣಸಿನ ಹೋಲ್‌ಸೇಲ್ ವ್ಯಾಪಾರ. ಅವರು ಅಂಗಿ ಕೊಡವಿದರೆ ನಾವೆಲ್ಲ ಸೀನುತ್ತೇವೆ. ಮೂರನೆಯವನು ಪ್ರಜ್ವಲ್, ಮೊಬೈಲ್ ರಿಪೇರಿಯ ಹುಡುಗ, ಮದುವೆಯಾಗಿ ಒಂದು ವರ್ಷ.

‘ಸ್ಪೇಸ್’ ಎಂಬ ಪದವನ್ನು ಅಂಗಡಿಗೆ ತಂದವನು ಈ ಪ್ರಜ್ವಲನೇ. ಯಾರೋ ಇಬ್ಬರು ಗಡ್ಡದವರು ಮೈಕಿನ ಮುಂದೆ ಕೂತು ಮೂರು ಗಂಟೆ ಮಾತಾಡುವ ವಿಡಿಯೋಗಳನ್ನು ಅವನು ನೋಡುತ್ತಾನೆ.

“ವಾಮನಣ್ಣ, ಗೊತ್ತುಂಟಾ, ಗಂಡಸರಿಗೆ ಅಂತ ಈಗ ಒಂದು ಸ್ಪೇಸೇ ಇಲ್ಲ. ಆಫೀಸಲ್ಲಿ ಲೇಡೀಸ್, ಜಿಮ್ಮಲ್ಲಿ ಲೇಡೀಸ್, ಹುಲಿವೇಷದಲ್ಲೂ ಲೇಡೀಸ್. ಉಳಿದದ್ದು ನಿಮ್ಮ ಸೆಲೂನ್ ಒಂದೇ.”

“ನನ್ನ ಬಸ್ಸಲ್ಲಿ ಎದುರಿನ ಅರ್ಧ ಅವರದ್ದೇ ಇತ್ತು ಮಾರಾಯ,” ಎಂದರು ಸದಾಶಿವಣ್ಣ. “ಆದ್ರೆ ಎದುರು ಫುಲ್ ಆದ್ರೆ ಹಿಂದೆಯೂ ಬಂದು ಕೂರ್ತಿದ್ರು. ಗಂಡಸು ಎದುರು ಕೂತ್ರೆ ಮಾತ್ರ ಬಯ್ಗುಳ.”

“ನಮ್ಮ ಮನೆಯಲ್ಲಿ ಹಿಂದೆ ಮುಂದೆ ಎಲ್ಲ ಅವಳದ್ದೇ,” ಎಂದರು ಹಮೀದಾಕ. “ನನ್ನದು ಅಂತ ಇರುವುದು ಚಪ್ಪಲಿ ಇಡುವ ಜಾಗ.”

ಮೂವತ್ತೊಂದು ವರ್ಷಗಳಿಂದ ನಾನು ಕೂದಲು ಗುಡಿಸಿಕೊಂಡು ಬಂದ ನೆಲಕ್ಕೆ ಇಂಥದ್ದೊಂದು ಹೆಸರಿದೆ ಎಂದು ತಿಳಿದ ದಿನ ನನಗೆ ಬಹಳ ಹೆಮ್ಮೆಯಾಯಿತು. ಮನೆಗೆ ಹೋಗಿ ಮಗಳಿಗೆ ಹೇಳಿದೆ. ಹೆಂಗಸರ ಬ್ಯೂಟಿ ಪಾರ್ಲರಿಗೆ ದಪ್ಪ ಪರದೆ ಇದೆಯಲ್ಲ, ಅದನ್ನು ಯಾರೂ ತಪ್ಪೆನ್ನುವುದಿಲ್ಲ, ನನ್ನ ಅಂಗಡಿಗೆ ಒಂದು ಬೋರ್ಡ್ ಇದ್ದರೆ ಏನು ಕುತ್ತು ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ ಎಂದು ಈಗಲೂ ನನ್ನ ಅಭಿಪ್ರಾಯ.

“ಪಪ್ಪ, ಪಾರ್ಲರ್ ಬಿಟ್ರೆ ಅವರಿಗೆ ಬೇರೆ ಎಲ್ಲಿ ಉಂಟು?” ಎಂದಳು ಶ್ರಾವ್ಯ. “ನಿಮಗೆ ಓಣಿಯ ಕಟ್ಟೆ ಉಂಟು, ಮೈದಾನ ಉಂಟು, ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿ ಉಂಟು. ಸುಮ್ಮನೆ ನಿಂತುಕೊಳ್ಳಬಹುದು, ಯಾರೂ ಎಂತಕ್ಕೆ ನಿಂತದ್ದು ಅಂತ ಕೇಳುವುದಿಲ್ಲ. ನಾನು ಹಾಗೆ ಅರ್ಧ ಗಂಟೆ ನಿಂತ್ರೆ ನಿಮಗೇ ಫೋನ್ ಬರ್ತದೆ.”

ಅಡುಗೆಮನೆಯಿಂದ ಜಯಂತಿ, “ನನಗೆ ಬಾತ್‌ರೂಮಲ್ಲಿ ಹತ್ತು ನಿಮಿಷ ಯಾರೂ ಬಾಗಿಲು ಬಡಿಯದಿದ್ರೆ ಸಾಕು, ಬೇರೆ ಸ್ಪೇಸ್ ಬೇಡ” ಎಂದಳು. ಇಬ್ಬರ ಎದುರು ಒಬ್ಬ. ನಾನು ಟಿವಿ ಹಾಕಿದೆ.

ಇದೆಲ್ಲ ನಡೆದ ಮರುವಾರ, ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅಂಗಡಿಯ ಮುಂದೆ ಒಂದು ರಿಕ್ಷಾ ನಿಂತಿತು. ಅದರಿಂದ ಮೊದಲು ಇಳಿದವರು ಲೀನಾ ಟೀಚರ್. ಎಪ್ಪತ್ತೈದು ವರ್ಷ, ನೆಟ್ಟಗಿನ ಬೆನ್ನು, ಮೂವತ್ತೈದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ನಾನು ಅವರ ಶಿಷ್ಯನಲ್ಲ. ಆದರೆ ನಾನು ಶಾಲೆ ಬಿಟ್ಟಿದ್ದರೂ ಟೀಚರುಗಳ ಮೇಲಿನ ಹೆದರಿಕೆ ನನ್ನನ್ನು ಬಿಟ್ಟಿಲ್ಲ. ಅವರ ಕೈ ಹಿಡಿದು ಇಳಿದವರು ಯಾರೆಂದು ಮೊದಲು ನನಗೆ ಗುರುತೇ ಸಿಗಲಿಲ್ಲ. ಎದೆಯ ಹತ್ತಿರಕ್ಕೆ ಬಂದ ಬಿಳಿ ಗಡ್ಡ, ಕೆದರಿದ ಕೂದಲು. ಕಣ್ಣು ನೋಡಿದ ಮೇಲೆ ತಿಳಿಯಿತು, ಫೆಲಿಕ್ಸ್ ಪೊರ್ಬುಗಳು. ಕ್ರಿಶ್ಚಿಯನ್ ಹಿರಿಯರನ್ನು ನಾವು ಮರ್ಯಾದೆಯಿಂದ ಕರೆಯುವುದು ಹಾಗೆ. ನನ್ನ ಅಂಗಡಿಯ ಮೊದಲನೇ ವರ್ಷದ ಗಿರಾಕಿ. ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ನನ್ನ ಕುರ್ಚಿಗೆ. ಕೆನ್ನೆಯಲ್ಲಿ ಗಡ್ಡದ ಒಂದು ಮುಳ್ಳು ಉಳಿದರೂ ಬೆರಳಿಟ್ಟು ತೋರಿಸುವ ಮನುಷ್ಯ. ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷಗಳಿಂದ ಬಂದಿರಲಿಲ್ಲ.

ಟೀಚರ್ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು. “ಮೊದಲು ನಾನೇ ಶೇವ್ ಮಾಡ್ತಿದ್ದೆ ವಾಮನ. ಈಗ ಆರು ತಿಂಗಳಿಂದ ಮುಖ ಮುಟ್ಲಿಕ್ಕೆ ಬಿಡುವುದಿಲ್ಲ. ಕನ್ನಡಿಯಲ್ಲಿ ಈ ಗಡ್ಡ ನೋಡಿದ್ರೆ ಯಾರೋ ಗುರುತಿಲ್ಲದವರು ಮನೆಯೊಳಗೆ ಬಂದಿದ್ದಾರೆ ಅಂತ ಬೊಬ್ಬೆ ಹಾಕ್ತಾರೆ. ಮನೆಯ ಕನ್ನಡಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿದ್ದೇನೆ. ನಾಳೆ ಆದಿತ್ಯವಾರ ನಮ್ಮ ಮದುವೆಗೆ ಐವತ್ತು ವರ್ಷ. ಇಗರ್ಜಿಯಲ್ಲಿ ಆಶೀರ್ವಾದ ಉಂಟು. ಅಲ್ಲಿಗೆ ಅವರು ಅವರಾಗಿ ಬರಬೇಕು. ನನ್ನ ಗುರುತು ಸಿಗದಿದ್ರೂ ಅಡ್ಡಿ ಇಲ್ಲ, ಅವರ ಗುರುತು ಅವರಿಗೆ ಸಿಗಬೇಕು.”

ಇಷ್ಟು ಕೇಳಿದ ಮೇಲೆ ಯಾವ ಕಲ್ಲೂ ಕರಗಬೇಕು. ನಾನೂ ಕರಗಿದೆ. ಆದರೆ ಕರಗಿದವನ ಬಾಯಿಯಿಂದ ಬಂದ ಮಾತು, “ಆಯ್ತು ಟೀಚರ್, ನೀವು ಹೊರಗೆ ಆ ಕುರ್ಚಿಯಲ್ಲಿ ಕೂತುಕೊಳ್ಳಿ” ಎಂದು.

“ಕೈ ಬಿಟ್ರೆ ಅವರು ಎದ್ದು ಹೋಗ್ತಾರೆ,” ಎಂದು ಟೀಚರ್ ಗಂಡನ ಕೈ ಹಿಡಿದುಕೊಂಡೇ ಒಳಗೆ ಬಂದರು. ಮೂವತ್ತೊಂದು ವರ್ಷಗಳಲ್ಲಿ ಹೊಸ್ತಿಲು ದಾಟಿದ ಮೊದಲ ಹೆಂಗಸು. ಟ್ಯೂಬ್‌ಲೈಟ್ ಆರಲಿಲ್ಲ, ಕನ್ನಡಿ ಒಡೆಯಲಿಲ್ಲ. ಆದರೆ ಹಮೀದಾಕ ಮಡಚಿ ಕಟ್ಟಿದ್ದ ಲುಂಗಿಯನ್ನು ಸರ್ರನೆ ಕೆಳಗಿಳಿಸಿದರು. ಪ್ರಜ್ವಲ್ ಸ್ಟೂಲಿನ ಮೇಲಿಟ್ಟಿದ್ದ ಕಾಲು ತೆಗೆದ. ಸದಾಶಿವಣ್ಣ, ಅರವತ್ತೊಂದು ವರ್ಷದ ಮನುಷ್ಯ, ಎದ್ದು ಕೈ ಕಟ್ಟಿ ನಿಂತರು. ಮೂರನೇ ಕ್ಲಾಸಿನಲ್ಲಿ ಅವರಿಗೆ ಮಗ್ಗಿ ಹೇಳಿಕೊಟ್ಟವರು ಇದೇ ಟೀಚರ್ ಎಂದು ನನಗೆ ತಿಳಿದದ್ದು ಆಗ.

“ಕೂತುಕೋ ಸದಾಶಿವ,” ಎಂದರು ಟೀಚರ್. ಅವರು ಕೂತರು. ಬೇರೆ ಇಬ್ಬರೂ ಇನ್ನಷ್ಟು ನೆಟ್ಟಗೆ ಕೂತರು. ಅಲ್ಲಿಗೆ ನನ್ನ ಸೆಲೂನು ಪರೀಕ್ಷೆಯ ಹಾಲ್ ಆಯಿತು.

ನಾನು ಕುರ್ಚಿ ಒರೆಸಿ, “ಬನ್ನಿ ಪೊರ್ಬುಗಳೇ” ಎಂದೆ. ಅವರು ಬರಲಿಲ್ಲ. ಎದುರಿನ ಕನ್ನಡಿಯನ್ನು ನೋಡುತ್ತಾ ನಿಂತಿದ್ದರು. ಟೀಚರ್ ಮುಖ ಬಿಳಿಚಿತು, ಈಗ ಬೊಬ್ಬೆ ಶುರುವಾಗುತ್ತದೆ ಎಂದು ಅವರು ಗಂಡನ ತೋಳನ್ನು ಬಿಗಿಯಾಗಿ ಹಿಡಿದರು. ಆದರೆ ಬೊಬ್ಬೆ ಬರಲಿಲ್ಲ. ಮನೆಯೊಳಗೆ ಗುರುತಿಲ್ಲದವನೊಬ್ಬ ಕಂಡರೆ ಹೆದರಿಕೆಯಾದೀತು. ಸೆಲೂನಿನಲ್ಲಿ ಗುರುತಿಲ್ಲದವರು ಇರುವುದು ಸಹಜವಲ್ಲವೇ? ಪೊರ್ಬುಗಳು ಕನ್ನಡಿಯ ಗಡ್ಡದವರಿಗೆ ಮರ್ಯಾದೆಯಿಂದ ತಲೆಬಾಗಿದರು. ಅವರೂ ತಲೆಬಾಗಿದರು.

“ಅವರು ನನಗಿಂತ ಮೊದಲು ಬಂದದ್ದು,” ಎಂದರು ಪೊರ್ಬುಗಳು. “ಅವರದ್ದು ಆಗಲಿ. ನಾನು ಕಾಯ್ತೇನೆ.”

ಸೆಲೂನಿನಲ್ಲಿ ಸರದಿ ಎಂದರೆ ಸರದಿ. ಮಂತ್ರಿ ಬಂದರೂ ಬೆಂಚಿನಲ್ಲಿ ಕೂರಬೇಕು. ಮರೆವಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಮನುಷ್ಯ ನನ್ನ ಅಂಗಡಿಯ ಆ ಒಂದು ನಿಯಮವನ್ನು ಉಳಿಸಿಕೊಂಡಿದ್ದರು. ನನಗೆ ಖುಷಿಯಾಯಿತೋ ಫಜೀತಿಯಾಯಿತೋ ತಿಳಿಯಲಿಲ್ಲ.

“ಪೊರ್ಬುಗಳೇ, ಅದು ನೀವೇ,” ಎಂದ ಪ್ರಜ್ವಲ್, ಸಹಾಯ ಮಾಡಲು.

“ನಾನಾ? ನನಗೆ ಗಡ್ಡ ಉಂಟಾ?” ದನಿ ಏರಿತು. “ನಾನು ದಿನಾ ಶೇವ್ ಮಾಡುವವನು!”

ಪೊರ್ಬುಗಳು ಬಾಗಿಲ ಕಡೆ ತಿರುಗಿದರು. ಟೀಚರ್ ಕಣ್ಣಿನಲ್ಲಿ ನೀರು. ಹೀಗೆ ಹೊರಟು ಹೋದರೆ ಮತ್ತೆ ಇವರನ್ನು ಇಲ್ಲಿಗೆ ತರಲಾಗದು, ನಾಳೆಗೆ ಅವರು ಅವರಾಗಿರುವುದೂ ಇಲ್ಲ ಎಂದು ನನಗೆ ಹೊಳೆಯಿತು. ಏಳನೇ ಕ್ಲಾಸಿನ ಬುದ್ಧಿ ಕೆಲವೊಮ್ಮೆ ಬೇಗ ಓಡುತ್ತದೆ. ನಾನು ಕನ್ನಡಿಗೆ ಕೈ ಮುಗಿದು ಹೇಳಿದೆ, “ಸರಿ, ಗಡ್ಡದವರೇ, ನಿಮ್ಮದೇ ಮೊದಲು.” ಆಮೇಲೆ ಪೊರ್ಬುಗಳ ಕಿವಿಯ ಹತ್ತಿರ ಹೋಗಿ, “ಅವರು ಹೊಸಬರು. ಸ್ವಲ್ಪ ಹೆದರಿಕೆ ಉಂಟು ಅವರಿಗೆ. ನೀವು ಇಲ್ಲಿ ಎದುರು ಕೂತು ಕಂಪೆನಿ ಕೊಡಿ. ನೀವು ಹಳಬರಲ್ಲವಾ?” ಎಂದೆ.

ಪೊರ್ಬುಗಳು ಯೋಚಿಸಿದರು. “ಪಾಪ,” ಎಂದರು. ಬಂದು ಕೂತರು.

ಬಟ್ಟೆ ಸುತ್ತಿದೆ, ಕತ್ತರಿಯಿಂದ ಗಡ್ಡ ಇಳಿಸಿದೆ, ಬಿಸಿನೀರಿನ ಟವೆಲ್ ಇಟ್ಟೆ, ಬ್ರಶ್ಶಿನಿಂದ ನೊರೆ ಹಚ್ಚಿದೆ. ಕತ್ತಿ ಕೈಗೆತ್ತಿದಾಗ ನಿಜವಾದ ತೊಂದರೆ ಎದುರಾಯಿತು. ಅಂಗಡಿಯಲ್ಲಿ ಒಂದು ಮಾತಿಲ್ಲ. ಫ್ಯಾನಿನ ಕಿರಿಕಿರಿ ಮಾತ್ರ. ಆ ಮೌನಕ್ಕೆ ಪೊರ್ಬುಗಳ ತಲೆ ನಡುಗತೊಡಗಿತು, ಕುತ್ತಿಗೆ ಬಿಗಿಯಾಯಿತು, ಕೈಗಳು ಬಟ್ಟೆಯ ಕೆಳಗೆ ಏನನ್ನೋ ಹುಡುಕಿದವು. ನಾನು ಕತ್ತಿಯನ್ನು ಗಾಳಿಯಲ್ಲಿ ಹಿಡಿದುಕೊಂಡು ಕಣ್ಣಿನಲ್ಲೇ ಮೂವರಿಗೂ ಸನ್ನೆ ಮಾಡಿದೆ, ಮಾತಾಡಿ, ಏನಾದರೂ ಮಾತಾಡಿ.

ಸದಾಶಿವಣ್ಣ ಗಂಟಲು ಸರಿ ಮಾಡಿಕೊಂಡರು. “ಬಿಸಿಲು... ಜಾಸ್ತಿ ಉಂಟು.”

“ಹೌದು,” ಎಂದರು ಹಮೀದಾಕ. “ಬಿಸಿಲು.”

ಅಲ್ಲಿಗೆ ಮುಗಿಯಿತು. ಗಂಡಸರಿಗೆ ಸ್ಪೇಸ್ ಬೇಕೆಂದು ಹಿಂದಿನ ವಾರ ನಲವತ್ತು ನಿಮಿಷ ಮಾತಾಡಿದ್ದ ಪ್ರಜ್ವಲ್ ತನ್ನ ಉಗುರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಇವರನ್ನು ದೂರಿ ಪ್ರಯೋಜನವಿಲ್ಲ, ನನಗೂ ಒಂದು ಮಾತು ಹೊಳೆಯಲಿಲ್ಲ. ಹೆಂಗಸೊಬ್ಬರ ಎದುರು ಆಡಬಹುದಾದ ಮಾತು ನಮ್ಮ ನಾಲ್ವರ ಹತ್ತಿರ ಬಿಸಿಲು ಒಂದೇ ಇತ್ತು.

“ಎಂತ, ನೀವೆಲ್ಲ ಯಾವಾಗ್ಲೂ ಹೀಗೆ ಸುಮ್ಮನೆ ಕೂರುವುದಾ?” ಎಂದರು ಟೀಚರ್. “ಇವರು ಹೇಳ್ತಿದ್ದದ್ದು ಬೇರೆ.” ಆಮೇಲೆ ಕ್ಲಾಸಿನಲ್ಲಿ ಹಾಜರಿ ಕರೆಯುವ ಹಾಗೆ ಶುರು ಮಾಡಿದರು. “ಸದಾಶಿವ, ಗೇರುಮರದ ವಿಷಯದಲ್ಲಿ ನಿನ್ನ ಅಣ್ಣ ಮಾತು ಬಿಟ್ಟಿದ್ದನಲ್ಲ, ಈಗ ಸರಿ ಆಯ್ತಾ?”

ಸದಾಶಿವಣ್ಣನ ಬಲಗಾಲು ಬ್ರೇಕ್ ತುಳಿಯಿತು. “ಟೀಚರ್, ಅದು ನಿಮಗೆ ಯಾರು ಹೇಳಿದ್ದು?”

“ಇವರೇ. ಇಲ್ಲಿ ಕೇಳಿದ್ದನ್ನೆಲ್ಲ ಆದಿತ್ಯವಾರ ಊಟಕ್ಕೆ ಕೂತು ನನಗೆ ಹೇಳ್ತಿದ್ರು. ಮಕ್ಕಳಿಲ್ಲದ ಮನೆ, ಮಾತಾಡ್ಲಿಕ್ಕೆ ಬೇರೆ ಎಂತ ಉಂಟು? ಹಮೀದ್ ಸಾಯ್ಬರೇ, ಸಕ್ಕರೆ ಕಾಯಿಲೆಗೆ ವಾಕಿಂಗ್ ಅಂತ ಮನೆಯಲ್ಲಿ ಹೇಳಿ ಹೋಟೆಲಲ್ಲಿ ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿನ್ನುವುದು ಈಗ್ಲೂ ಉಂಟಾ?”

“ಅಲ್ಲಾ!” ಎಂದರು ಹಮೀದಾಕ. ದೇವರನ್ನು ಕರೆದದ್ದೋ, ಸುಳ್ಳೆಂದು ಹೇಳಿದ್ದೋ ಯಾರಿಗೂ ತಿಳಿಯಲಿಲ್ಲ.

ನನಗೆ ಒಳಗೊಳಗೇ ನಗು. ಆ ನಗು ಹೆಚ್ಚು ಹೊತ್ತು ಬಾಳಲಿಲ್ಲ.

“ಮತ್ತೆ ವಾಮನ, ನೀವು ಆ ಕ್ರಿಕೆಟ್ ಫೈನಲ್ ನೋಡ್ತಾ ನೋಡ್ತಾ ಇವರ ಎಡಗಿವಿ ಹಿಂದೆ ಕತ್ತಿ ತಾಗಿಸಿದ್ದಲ್ಲವಾ? ಎರಡು ದಿನ ತಲೆದಿಂಬಿಗೆಲ್ಲ ರಕ್ತ.”

ಮೂರು ಗೋಡೆಯ ಕನ್ನಡಿಗಳಲ್ಲಿ ಎಷ್ಟು ಸದಾಶಿವಣ್ಣ, ಎಷ್ಟು ಹಮೀದಾಕ ಇದ್ದಾರೋ ಅಷ್ಟೂ ಜನ ನನ್ನನ್ನು ನೋಡಿದರು. ಆ ವಿಷಯ ಲೋಕದಲ್ಲಿ ನನಗೂ ಪೊರ್ಬುಗಳಿಗೂ ಮಾತ್ರ ಗೊತ್ತಿದೆ ಎಂದು ನಾನು ನಂಬಿದ್ದೆ.

“ವಾಮನಾ!” ಸದಾಶಿವಣ್ಣ ಕುರ್ಚಿಯಿಂದ ಅರ್ಧ ಎದ್ದರು. “ಒಂದು ಗೀರೂ ಇಲ್ಲ, ಒಂದು ಗೀರೂ ಇಲ್ಲ ಅಂತ ನಮಗೆ ಇಷ್ಟು ವರ್ಷ ಬುರುಡೆ ಬಿಟ್ಟದ್ದಾ?”

“ನನ್ನ ಮದುವೆ ದಿನ ಕೂಡ ಅದನ್ನೇ ಹೇಳಿ ಕತ್ತಿ ಹಿಡಿದದ್ದು ಇವರು!” ಎಂದ ಪ್ರಜ್ವಲ್.

“ನಿನ್ನ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೋ ಮಾರಾಯ, ಎರಡೂ ಉಂಟಾ ಅಂತ,” ಎಂದರು ಹಮೀದಾಕ. ಗೋಳಿಬಜೆಯಿಂದ ಮಾತು ಬೇರೆ ಕಡೆ ಹೋದದ್ದಕ್ಕೆ ಅವರ ಉತ್ಸಾಹ ಹೇಳತೀರದು. “ಯಾವ ಫೈನಲ್ ಅದು? ಗೆದ್ದದ್ದಾ ಸೋತದ್ದಾ?”

“ಸೋತದ್ದು,” ಎಂದೆ ನಾನು.

“ರಕ್ತವೂ ಹೋಯ್ತು, ಕಪ್ಪೂ ಹೋಯ್ತು!”

ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಗುತ್ತಿದ್ದರು, ನನ್ನ ಮೂವತ್ತೊಂದು ವರ್ಷಗಳ ಕೀರ್ತಿಯನ್ನು ನೆಲಕ್ಕೆ ಕೆಡವಿ ಕೂದಲಿನ ಜೊತೆ ಗುಡಿಸುತ್ತಿದ್ದರು. ಅಷ್ಟರಲ್ಲಿ ನನ್ನ ಬೆರಳುಗಳಿಗೆ ಒಂದು ವಿಷಯ ತಿಳಿಯಿತು. ಪೊರ್ಬುಗಳ ಕುತ್ತಿಗೆ ಸಡಿಲವಾಗಿತ್ತು. ತಲೆ ನಡುಗುವುದು ನಿಂತಿತ್ತು. ಕಣ್ಣು ಅರ್ಧ ಮುಚ್ಚಿ, ಹಿಂದಿನ ಆದಿತ್ಯವಾರಗಳ ಹಾಗೆಯೇ, ಅವರು ಕೇಳುತ್ತಾ ಇದ್ದರು. ನಾನು ಮಾನ ಮರ್ಯಾದೆ ಬದಿಗಿಟ್ಟು ಕತ್ತಿ ಇಳಿಸಿದೆ. ಒಂದು ಕೆನ್ನೆ, ಇನ್ನೊಂದು ಕೆನ್ನೆ, ಗಲ್ಲದ ಕೆಳಗೆ, ಮೂಗಿನ ಕೆಳಗೆ. ಎಪ್ಪತ್ತೆಂಟು ವರ್ಷದ ಚರ್ಮ ತೇವವಾದ ಕಾಗದದಂತೆ. ಅದರ ಮೇಲೆ ಕತ್ತಿ ಓಡಿಸುವುದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಆ ಮೂವರ ಬಯ್ಗುಳ ನಿಲ್ಲುವ ಹಾಗೆ ಕಂಡರೆ ನಾನೇ, “ಅದೇನು ದೊಡ್ಡ ಗಾಯವಾ, ಸಣ್ಣದು!” ಎಂದು ಉರಿಯುವ ಬೆಂಕಿಗೆ ಎಣ್ಣೆ ಹಾಕುತ್ತಿದ್ದೆ.

“ಸಣ್ಣದೇ,” ಎಂದರು ಪೊರ್ಬುಗಳು ಇದ್ದಕ್ಕಿದ್ದ ಹಾಗೆ. “ಬಯ್ಯಬೇಡಿ ಅವನಿಗೆ. ಪಟಿಕದ ಕಲ್ಲು ಉಜ್ಜಿದ್ದ. ತುಂಬಾ ಉರಿ ಆಗಿತ್ತು. ಆದ್ರೆ ಸಣ್ಣದು.”

ಎಲ್ಲರ ಮಾತೂ ನಿಂತಿತು. ಆದರೆ ಆಗ ನನ್ನ ಕೆಲಸವೂ ಮುಗಿದಿತ್ತು. ನಾನು ತಣ್ಣೀರಿನಲ್ಲಿ ಮುಖ ಒರೆಸಿ, ಅವರಿಗೆ ಇಷ್ಟವಾಗಿದ್ದ ನಿಂಬೆ ಪರಿಮಳದ ಲೋಷನ್ ತಟ್ಟಿ, ಕುರ್ಚಿಯನ್ನು ನೇರ ಮಾಡಿದೆ. ಪೊರ್ಬುಗಳು ಕನ್ನಡಿ ನೋಡಿದರು. ಆಚೆ ಈಚೆ ತಲೆ ಓರೆ ಮಾಡಿ ಹುಡುಕಿದರು.

“ಆ ಗಡ್ಡದವರು ಹೋದ್ರಾ?”

“ಹೋದ್ರು. ನಿಮಗೆ ಥ್ಯಾಂಕ್ಸ್ ಹೇಳಿದ್ರು.”

“ಒಳ್ಳೆಯ ಜನ.” ಬೆರಳು ತಾನಾಗಿ ಕೆನ್ನೆಗೆ ಹೋಯಿತು, ಮುಳ್ಳು ಹುಡುಕುತ್ತಾ ಗಲ್ಲದವರೆಗೆ ಇಳಿಯಿತು, ಎಲ್ಲಿಯೂ ನಿಲ್ಲಲಿಲ್ಲ. ಅವರು ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯಲ್ಲಿ ತಮ್ಮ ಹಿಂದೆ ನಿಂತಿದ್ದವರನ್ನು ನೋಡಿ, ಪ್ರತಿ ಆದಿತ್ಯವಾರ ಮನೆ ಬಾಗಿಲಲ್ಲಿ ಕರೆಯುತ್ತಿದ್ದಂತೆ ಸಲೀಸಾಗಿ, “ಲೀನಾ, ನನ್ನದು ಆಯ್ತು. ಹೋಗುವಾ, ಊಟಕ್ಕೆ ಹೊತ್ತಾಯ್ತು” ಎಂದರು.

ಹಮೀದಾಕನ ಅಂಗಿಯ ಮೆಣಸಿನ ಧೂಳು ಆ ದಿನ ಅಂಗಡಿಯಲ್ಲಿದ್ದ ಎಲ್ಲರ ಕಣ್ಣಿಗೂ ಹೋಯಿತು.

ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಗೀರಿನ ವಿಷಯ ಮಾತ್ರ ಬಿಟ್ಟು. ಶ್ರಾವ್ಯ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಈಗ ಗೆದ್ದೆ ಎಂದು ಎದ್ದು ಕುಣಿಯುತ್ತಾಳೆಂದು ನಾನು ಕಾದೆ. ಅವಳು ಕುಣಿಯಲಿಲ್ಲ. ಹಾಗಾಗಿ ನಾನೇ ಹೇಳಿದೆ, “ನೋಡು, ನನ್ನ ಮಾತು ಪೂರ್ತಿ ತಪ್ಪಲ್ಲ. ಆ ಮನುಷ್ಯನಿಗೆ ಗಂಡಸರ ಗಲಾಟೆಯೇ ಬೇಕಿತ್ತು. ಟೀಚರೇ ಹೇಳಿದ್ರು, ಎರಡು ವರ್ಷದಿಂದ ಅವರ ಕಿವಿಗೆ ಬಿದ್ದದ್ದು ತನ್ನೊಬ್ಬಳ ಸ್ವರ ಅಂತ.”

“ಸೆಲೂನ್ ಮುಚ್ಚಿ ಅಂತ ನಾನು ಯಾವಾಗ ಹೇಳಿದ್ದು ಪಪ್ಪ?” ಎಂದಳು. “ಅಷ್ಟು ಜನ ಗಂಡಸರು ಕೂತು ಎಂತ ಮಾತಾಡ್ತೀರಿ ಅಂತ ನನಗೂ ಕೇಳ್ಲಿಕ್ಕೆ ಆಸೆ, ಅಷ್ಟೇ.”

“ಒಂದೇ ಬೇಸರ,” ಎಂದೆ. “ನಮ್ಮ ಅಂಗಡಿಯ ಮಾತು ಹೊಸ್ತಿಲು ದಾಟುವುದಿಲ್ಲ ಅಂತ ತಿಳಿದಿದ್ದೆ. ಪೊರ್ಬುಗಳು ಎಲ್ಲವನ್ನೂ ಹೆಂಡತಿಗೆ ಹೇಳ್ತಿದ್ರಂತೆ.”

ಜಯಂತಿ ಮೀನಿಗೆ ಮಸಾಲೆ ಹಚ್ಚುತ್ತಿದ್ದವಳು ತಲೆ ಎತ್ತಿದಳು. “ನೀವು ಹೇಳುವುದಿಲ್ಲವಾ? ಹಮೀದಾಕನ ಗೋಳಿಬಜೆ ವಿಷಯ ನನಗೆ ನಾಲ್ಕು ವರ್ಷದಿಂದ ಗೊತ್ತುಂಟು. ಅವರ ಹೆಂಡತಿಗೂ ಗೊತ್ತುಂಟು.”

“ಅವರಿಗೆ ಯಾರು ಹೇಳಿದ್ದು?”

“ನಾನು.”

ಐವತ್ತನೇ ವರ್ಷದ ಆಶೀರ್ವಾದ ಚೆನ್ನಾಗಿ ಆಯಿತಂತೆ. ಮನೆಯ ಕನ್ನಡಿಗಳ ಬೆಡ್‌ಶೀಟ್ ಬಿಚ್ಚಿದರಂತೆ. ಅಂದಿನಿಂದ ವಾರಕ್ಕೆರಡು ಸಲ ಟೀಚರ್ ಪೊರ್ಬುಗಳನ್ನು ಕರೆದುಕೊಂಡು ಬರುತ್ತಾರೆ. ಕೆಲವು ದಿನ ಅವರಿಗೆ ಕನ್ನಡಿಯಲ್ಲಿ ಪರಿಚಯದವರು ಕಾಣುತ್ತಾರೆ, ಕೆಲವು ದಿನ ಹೊಸಬರು. ಹೊಸಬರು ಬಂದ ದಿನ ನಾನು ಇಬ್ಬರಿಗೂ ನಮಸ್ಕಾರ ಹೇಳುತ್ತೇನೆ. ಸದಾಶಿವಣ್ಣ ಈಗ ಟೀಚರ್ ಎದುರೇ ಅಣ್ಣನನ್ನು ಬಯ್ಯುತ್ತಾರೆ, ಟೀಚರ್ ಯಾರದ್ದು ಸರಿ ಯಾರದ್ದು ತಪ್ಪು ಎಂದು ತೀರ್ಪು ಕೊಡುತ್ತಾರೆ. ಪ್ರಜ್ವಲ್ ತನ್ನ ಮೈಕಿನವರ ವಾದಗಳನ್ನು ಅವರ ಮುಂದೆ ಇಟ್ಟು ಮೂರು ಸಲ ಸೋತು, ನಾಲ್ಕನೇ ಸಲ ಅರ್ಧ ಗೆದ್ದಿದ್ದಾನೆ.

ಮೊನ್ನೆ ಶನಿವಾರ ಟೀಚರ್ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಕೈಯನ್ನು ನನ್ನ ಕೈಯಲ್ಲಿಟ್ಟು, “ವಾಮನ, ಅರ್ಧ ಗಂಟೆ ನೋಡಿಕೊಳ್ತೀರಾ? ನಾನೊಂದು ಚೂರು ಹೊರಗೆ ಹೋಗಿ ಬರ್ತೇನೆ” ಎಂದರು. ಎರಡು ವರ್ಷಗಳಲ್ಲಿ ಅವರು ಆ ಕೈಯನ್ನು ಬೇರೆಯವರಿಗೆ ಒಪ್ಪಿಸಿದ್ದು ಅದೇ ಮೊದಲು. ನನಗೆ ಯಾವ ಬಹುಮಾನ ಬಂದರೂ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ. “ಹೋಗಿ ಬನ್ನಿ ಟೀಚರ್, ನಾವು ಗಂಡಸರು ಇದ್ದೇವಲ್ಲ” ಎಂದೆ ಎದೆ ಉಬ್ಬಿಸಿ.

ಅವರು ಹೋದರು. ಬಹಳ ದಿನಗಳ ನಂತರ ಅಂಗಡಿ ಪೂರ್ತಿ ನಮ್ಮದಾಯಿತು. ಹಮೀದಾಕ ಲುಂಗಿ ಮೇಲೆ ಕಟ್ಟಿದರು. ಇನ್ನು ಯಾರ ಹಂಗೂ ಇಲ್ಲ ಎಂದು ಎಲ್ಲರೂ ಸರಿಯಾಗಿ ಕೂತೆವು. ಆಮೇಲೆ ಆ ಅರ್ಧ ಗಂಟೆ ನಾವು ಐದು ಜನ ಗಂಡಸರು ಟೀಚರ್ ಎಲ್ಲಿಗೆ ಹೋಗಿರಬಹುದು ಎಂದು ಚರ್ಚೆ ಮಾಡಿದೆವು. ಮೀನಿಗೆ ಎಂದರು ಸದಾಶಿವಣ್ಣ. ಮದ್ದಿಗೆ ಎಂದರು ಹಮೀದಾಕ. “ಲೀನಾ ಈಗ ಬರ್ತಾಳೆ” ಎಂದು ಪೊರ್ಬುಗಳು ಐದು ನಿಮಿಷಕ್ಕೊಮ್ಮೆ ನಮ್ಮನ್ನು ಸಮಾಧಾನ ಮಾಡುತ್ತಿದ್ದರು. ನಾಲ್ಕು ಸಲ ಬಾಗಿಲಿಗೆ ಹೋಗಿ ಓಣಿಯ ಕೊನೆಯವರೆಗೆ ನೋಡಿ ಬಂದವನು ನಾನು.

ಟೀಚರ್ ಬಂದಾಗ ಕೈಯಲ್ಲಿ ಮೀನೂ ಇರಲಿಲ್ಲ, ಮದ್ದೂ ಇರಲಿಲ್ಲ. ಮುಖ ಮಾತ್ರ ಬೇರೆ ಥರ ಇತ್ತು, ಒಂದು ಒಳ್ಳೆಯ ನಿದ್ದೆ ಮಾಡಿ ಎದ್ದವರ ಹಾಗೆ.

“ಎಂತ ತಂದಿರಿ ಟೀಚರ್?” ಎಂದು ತಡೆಯಲಾರದೆ ಕೇಳಿದೆ.

“ಎಂತ ಇಲ್ಲ. ಒಂದು ಹೋಟೆಲಿನ ಮೂಲೆಯಲ್ಲಿ ಕೂತು ಒಬ್ಬಳೇ ಒಂದು ಕಾಫಿ ಕುಡಿದೆ. ಯಾರೂ ಮಾತಾಡಿಸ್ಲಿಲ್ಲ.”

“ಯಾವ ಹೋಟೆಲು?”

“ಅದನ್ನು ಹೇಳುವುದಿಲ್ಲ. ಹೇಳಿದ್ರೆ ಮುಂದಿನ ವಾರ ನೀವೆಲ್ಲ ಅಲ್ಲಿ ಬಂದು ಕೂರ್ತೀರಿ.”

ಅದು ನ್ಯಾಯವೇ. ನಾನು ಮತ್ತೆ ಕೇಳಲಿಲ್ಲ. ಈಗ ಸಂಜೆ ಚಹಾಕ್ಕೆ ಹೋಗುವಾಗ ದಾರಿಯ ಒಂದೊಂದು ಹೋಟೆಲಿನ ಮೂಲೆಯನ್ನೂ ಸುಮ್ಮನೆ ಹಾಗೇ ಒಮ್ಮೆ ನೋಡುತ್ತೇನೆ, ಇದಿರಬಹುದಾ, ಅದಿರಬಹುದಾ ಎಂದು. ಗೊತ್ತಾದರೂ ಆ ಕಡೆ ತಲೆ ಹಾಕುವವನಲ್ಲ ನಾನು, ಯಾರಿಗೂ ಹೇಳುವವನೂ ಅಲ್ಲ. ಇದು ಗಂಡಸಿನ ಮಾತು. ಜಯಂತಿಯೊಬ್ಬಳಿಗೆ ಹೇಳಬಹುದು, ಅಷ್ಟೆ.